ಏಳನೇ ತಿರುವಿನಲ್ಲಿ ನಿಂತ ಕಾರು

"ಅಕ್ಕ, ನಾನು ಮನೇಲಿ ಇಲ್ಲದಾಗ ಯಾರೋ ಒಳಗೆ ಬಂದು ಕಾರು ಓಡಿಸ್ತಿದಾರೆ."

ಬುಧವಾರ ಮಧ್ಯಾಹ್ನ ಹಾಸನದ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ನಿಂತು ಬಿಂದುಶ್ರೀ ಹೀಗೆಂದಾಗ, ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ದೇವಯ್ಯನಿಗೆ ತನ್ನ ಕಿವಿಯೇ ಮೋಸ ಮಾಡಿತೇನೋ ಅನ್ನಿಸಿತು. ಅಂಗಡಿಯ ಒಡತಿ ಸಂಘಮಿತ್ರಾ ಮಾತ್ರ ಹುಬ್ಬೂ ಏರಿಸಲಿಲ್ಲ. "ಕೂತ್ಕಳವ್ವ, ನೀರು ಕುಡಿ. ಆಮೇಲೆ ಮೊದಲಿಂದ ಹೇಳು," ಎಂದಳು.

ಸಂಘಮಿತ್ರಾ ಇಪ್ಪತ್ತಮೂರು ವರ್ಷ ಹಾಸನ, ಹೊಳೆನರಸೀಪುರ, ಅರಕಲಗೂಡು ಮಾರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ತುಂಬಿದ ಬಸ್ಸಿನಲ್ಲಿ ಟಿಕೆಟ್ ತೆಗೆಯದೆ ಕೂತವನನ್ನು ಅವನ ಕೈ ನೋಡಿಯೇ ಹಿಡಿಯುತ್ತಿದ್ದಳು. ಮಂಡಿನೋವು ಹೆಚ್ಚಾಗಿ, ಕೆಲಸ ಬಿಟ್ಟು ಅಂಗಡಿ ಇಟ್ಟ ಮೇಲೂ ಜನ ತಮ್ಮ ಕಳವು, ಅನುಮಾನಗಳನ್ನು ಹೊತ್ತುಕೊಂಡು 'ಕಂಡಕ್ಟರಮ್ಮ'ನನ್ನು ಹುಡುಕಿಕೊಂಡು ಬರುವುದು ತಪ್ಪಿರಲಿಲ್ಲ. ಹತ್ತಿರದ ದುದ್ದ ಊರಿನ ಹಾಲಿನ ಡೇರಿಯಲ್ಲಿ ಕ್ಯಾನಿಗೆ ನೀರು ಸೇರಿಸುತ್ತಿದ್ದವನು ಸಿಕ್ಕಿಬಿದ್ದದ್ದು ಅವಳಿಂದಲೇ. ದೇವಯ್ಯ ಅದೇ ಬಸ್ಸಿನ ಡ್ರೈವರ್. ನಿವೃತ್ತನಾಗಿ ಹದಿನಾಲ್ಕು ತಿಂಗಳಾಗಿತ್ತು. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಹತ್ತು ಗಂಟೆಗೆ ಅಂಗಡಿಗೆ ಬಂದು ಕೂತರೆ ಶಟರ್ ಎಳೆಯುವ ತನಕ ಅವನಿಗೆ ಅದೇ ಮನೆ.

"ಕಾರು ಅಂದ್ರೆ ಟಿವಿಯೊಳಗಿನ ಕಾರು, ಅಣ್ಣ," ಎಂದು ಬಿಂದುಶ್ರೀ ದೇವಯ್ಯನ ಕಡೆ ತಿರುಗಿದಳು.

ಅವಳು ಚನ್ನರಾಯಪಟ್ಟಣದವಳು. ಹಾಸನದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ. ಮೊದಲು ಹೊಳೆನರಸೀಪುರದಲ್ಲೇ ಕೆಲಸವಿದ್ದದ್ದರಿಂದ ಅಲ್ಲೊಂದು ಮಹಡಿ ಮನೆ ಹಿಡಿದಿದ್ದಳು. ಹಾಸನಕ್ಕೆ ಬದಲಾದ ಮೇಲೂ ಮನೆ ಬಿಡಲಿಲ್ಲ. ಬೆಳಿಗ್ಗೆ ಏಳೂವರೆಗೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ಬಂದವಳೇ ಅನ್ನಕ್ಕಿಟ್ಟು ಟಿವಿಯ ಮುಂದೆ ಕೂರುತ್ತಾಳೆ. ಟಿವಿಗೆ ಜೋಡಿಸಿದ ಗೇಮ್ ಕನ್ಸೋಲಿನಲ್ಲಿ ಒಂದೇ ಆಟ: ಯಾವುದೋ ದೇಶದ ಬೆಟ್ಟದ ರಸ್ತೆಯಲ್ಲಿ ಕಾರಿನ ಪಂದ್ಯ. ಹದಿನೆಂಟು ತಿರುವು. ಮೇಜಿಗೆ ಬಿಗಿದ ಪುಟ್ಟ ಸ್ಟೀರಿಂಗು, ಪಕ್ಕದಲ್ಲಿ ಗೇರ್, ಕಾಲಡಿಗೆ ಪೆಡಲುಗಳು.

"ಮೂರು ವರ್ಷದಿಂದ ಆಡ್ತಿದೀನಿ. ಲ್ಯಾಬು, ಬಸ್ಸು, ಮನೆ. ಆ ಬೆಟ್ಟ ಬಿಟ್ರೆ ನಾನು ಬೇರೆ ಎಲ್ಲೂ ಹೋಗಲ್ಲ ಅಕ್ಕ," ಎಂದಳು. ಹೇಳಿದ ಮೇಲೆ ಮಾತು ಜಾಸ್ತಿಯಾಯಿತೇನೋ ಎಂಬಂತೆ ತಲೆ ತಗ್ಗಿಸಿದಳು.

ಮೂರು ವಾರದ ಹಿಂದೆ ಟಿವಿಯ ಮುಂದಿನ ಕುರ್ಚಿ ಒಂದು ಗೇಣು ಹಿಂದಕ್ಕೆ ಸರಿದಿತ್ತು. ಮರೆತಿದ್ದೇನೆ ಅಂದುಕೊಂಡಳು. ಆಮೇಲೆ ಕನ್ಸೋಲು ಬರೆದಿಟ್ಟುಕೊಳ್ಳುವ ಲೆಕ್ಕ ನೋಡಿದರೆ, ಮಂಗಳವಾರ, ಗುರುವಾರ, ಶನಿವಾರ ಹತ್ತೂ ಮುಕ್ಕಾಲರಿಂದ ಹನ್ನೊಂದೂವರೆವರೆಗೆ ಯಾರೋ ಆಡಿದ್ದರು. ಬೀಗ ಮುರಿದಿರಲಿಲ್ಲ, ಒಂದು ಚಮಚವೂ ಕಳುವಾಗಿರಲಿಲ್ಲ. ಕಳೆದ ಭಾನುವಾರ ಕೆಳಗಿನ ಮನೆಯ ಒಡತಿ ಗೋದಮ್ಮನ ನಡುಮನೆಯಲ್ಲಿ ಇದನ್ನು ಹೇಳಿ, "ಆಟದ ದಾಖಲೆ ಎಲ್ಲಾ ಇದೆ, ಪೊಲೀಸರಿಗೆ ತೋರಿಸ್ತೀನಿ" ಅಂದಿದ್ದಳು. ಮಂಗಳವಾರ ಸಂಜೆ ಬಂದು ನೋಡಿದರೆ ದಾಖಲೆಯೇ ಇಲ್ಲ. ಯಾರೋ ಅಳಿಸಿದ್ದರು. ಅದರ ಜೊತೆ ಅವಳ ಮೂರು ವರ್ಷದ ಓಟವೂ ಹೋಗಿತ್ತು.

"ಭಾನುವಾರ ನೀನು ಹೇಳಿದಾಗ ಅಲ್ಲಿ ಯಾರ್‍ಯಾರಿದ್ರು?"

"ಗೋದಮ್ಮ, ಅವರ ತಮ್ಮ ಗಿರಿಧರ, ಕೆಲಸದ ಚಿಕ್ಕಲಕ್ಷ್ಮಮ್ಮ. ಚಿಕ್ಕಲಕ್ಷ್ಮಮ್ಮನ ಹತ್ರ ನನ್ನ ಮನೆ ಕೀ ಇತ್ತು, ಕಸ ಗುಡಿಸೋಕೆ. ಅದಕ್ಕೇ ಗೋದಮ್ಮ ನಿನ್ನೆ ಅವಳನ್ನ ಕೆಲಸದಿಂದ ತೆಗೆದುಬಿಟ್ರು. ಬೀದಿಯ ಇನ್ನೂ ಮೂರು ಮನೆಯವರೂ ಬರಬೇಡ ಅಂದಿದಾರೆ. ಆದ್ರೆ ಆಯಮ್ಮ ಮಾಡಿರ್ತಾರೆ ಅಂತ ನನಗನ್ನಿಸಲ್ಲ." ಅವಳ ದನಿ ಇಳಿಯಿತು. "ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಮಲಗ್ತಿದೀನಿ ಅಕ್ಕ. ನಿದ್ದೆ ಬರಲ್ಲ."

ಉಳಿದಿದ್ದದ್ದು ಒಂದೇ ಸಾಕ್ಷಿ. ಶನಿವಾರ ಆ ಅಪರಿಚಿತ ಓಡಿಸಿದ ಓಟವನ್ನು ಕನ್ಸೋಲು ಮರುಪ್ರಸಾರ ಮಾಡುತ್ತಿದ್ದಾಗ ಅವಳು ಫೋನಿನಲ್ಲಿ ಚಿತ್ರೀಕರಿಸಿಕೊಂಡಿದ್ದಳು. ಮೂವರೂ ಬಾಗಿ ನೋಡಿದರು.

ಕೆಂಪು ಕಾರೊಂದು ಬೆಟ್ಟ ಇಳಿಯುತ್ತಿತ್ತು. ಎದುರಿಗೆ ಯಾರೂ ಇಲ್ಲದ ಖಾಲಿ ರಸ್ತೆ. ಆದರೂ ಕಾರು ತನ್ನ ಎಡಬದಿ ಬಿಟ್ಟು ಒಂದು ಅಂಗುಲ ಆಚೆ ಹೋಗಲಿಲ್ಲ. ಪ್ರತಿ ಕುರುಡು ತಿರುವಿಗೂ ಮೊದಲು ಹಾರ್ನ್ ಹೊಡೆಯಿತು. ಏಳನೇ ತಿರುವಿನಲ್ಲಿ ಒಂದು ಬಿಳಿ ತಡೆಗೋಡೆ. ಅಲ್ಲಿ ಕಾರು ನಿಧಾನವಾಗಿ ಅಂಚಿಗೆ ಸರಿದು ನಿಂತೇಬಿಟ್ಟಿತು. ಒಂದು ನಿಮಿಷ ಹಾಗೇ ನಿಂತಿತ್ತು. ಆಮೇಲೆ ಹೊರಟಿತು.

"ಪಂದ್ಯದಲ್ಲಿ ಯಾರು ನಿಲ್ಲಿಸ್ತಾರೆ?" ಎಂದಳು ಬಿಂದುಶ್ರೀ.

ವಿಡಿಯೋ ಮುಗಿದಾಗ ತನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದಿರುವುದು ದೇವಯ್ಯನಿಗೆ ಗೊತ್ತಾಯಿತು. "ಎಷ್ಟನೇ ಗೇರಲ್ಲಿ ಇಳೀತಾವ್ನೆ?" ಎಂದು ಮೆಲ್ಲಗೆ ಕೇಳಿದ.

"ಎರಡು. ಎಲ್ಲೋ ಒಂದೊಂದು ಕಡೆ ಮೂರು. ನಾನು ಐದರಲ್ಲಿ ಇಳೀತೀನಿ."

ಸಂಘಮಿತ್ರಾ ದೇವಯ್ಯನ ಮುಖವನ್ನೊಮ್ಮೆ ನೋಡಿದಳು. "ಭಾನುವಾರ ಬತ್ತೀವಿ ಕಣವ್ವ. ಚಿಕ್ಕಲಕ್ಷ್ಮಮ್ಮನ್ನ ಕರಿ. ಆ ಟಿವಿ ಆಟ ಗೊತ್ತಿರೋರು ಇನ್ಯಾರಾದ್ರೂ ಇದ್ರೆ ಅವರ್‍ನೂ ಕರ್‍ದಿರು."

* * *

ಭಾನುವಾರ ಹತ್ತು ಗಂಟೆಗೆ ಹೊಳೆನರಸೀಪುರದ ಆ ಮನೆಯ ಬಾಗಿಲು ತೆರೆದವಳು ಗೋದಮ್ಮ. ಅರವತ್ತೈದರ ಆಸುಪಾಸು, ನಿವೃತ್ತ ಸಂಸ್ಕೃತ ಮೇಡಂ, ಗಂಡನನ್ನು ಕಳೆದುಕೊಂಡವಳು. "ಕೀ ಇದ್ದದ್ದು ಅವಳೊಬ್ಬಳ ಹತ್ತಿರ. ಇದರಲ್ಲಿ ಪತ್ತೆ ಮಾಡೋದೇನಿದೆ?" ಎಂದಳು.

"ನಿಮ್ಮಲ್ಲಿ ಇನ್ನೊಂದು ಕೀ ಇಲ್ವಾ?"

"ದೇವರ ಮನೆಯ ಮೊಳೆಗೆ ನೇತುಹಾಕಿದೀನಿ. ನಾನು ಬಿಟ್ಟು ಯಾರೂ ಮುಟ್ಟಲ್ಲ."

"ಯಾವತ್ತಾದ್ರೂ ಮನೆ ಬಿಟ್ಟು ಓಯ್ತೀರಾ?"

"ಮಂಗಳವಾರ, ಗುರುವಾರ, ಶನಿವಾರ ದೇವಸ್ಥಾನದಲ್ಲಿ ಭಜನೆ. ಹತ್ತೂವರೆಗೆ ಹೋಗಿ ಹನ್ನೆರಡಕ್ಕೆ ಬರ್ತೀನಿ. ಆಗ ಮನೇಲಿ ನನ್ನ ತಮ್ಮ ಇರ್ತಾನೆ."

ತಮ್ಮ ಗಿರಿಧರ ಒಳಗಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ. ಐವತ್ತೆಂಟರ ಎತ್ತರದ ಮನುಷ್ಯ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜರ್ ಆಗಿದ್ದ, ಆರೋಗ್ಯ ಕೆಟ್ಟು ಎರಡು ವರ್ಷದಿಂದ ಇಲ್ಲೇ ಇದ್ದಾನೆ ಎಂದು ಗೋದಮ್ಮನೇ ಹೇಳಿದಳು. ಅವನು ಹೊರಗೆ ಹೋಗುವುದು ಅಪರೂಪ. "ಮೇಲಕ್ಕಾ? ಇಲ್ಲಿಗೆ ಬಂದ ಮೇಲೆ ನಾನು ಒಂದು ಸಲವೂ ಆ ಮೆಟ್ಟಿಲು ಹತ್ತಿಲ್ಲ," ಎಂದು ಪೇಪರಿನ ಹಿಂದಿನಿಂದಲೇ ಹೇಳಿದ.

ಮಹಡಿಯಲ್ಲಿ ಸಂಘಮಿತ್ರಾ ಟಿವಿಯನ್ನು ಬಿಟ್ಟು ಮೇಜನ್ನು ನೋಡಿದಳು. ಗೇರಿನ ಕಡ್ಡಿ ಸ್ಟೀರಿಂಗಿನ ಬಲಕ್ಕೆ ಬಿಗಿದಿತ್ತು. ಅವಳು ಎಡ ಅಂಚಿನ ಮೇಲೆ ಬೆರಳಾಡಿಸಿ ದೇವಯ್ಯನನ್ನು ಕರೆದಳು. ಮರದಲ್ಲಿ ಎರಡು ಹೊಸ ಗುರುತು, ಗೇರಿನ ಸ್ಕ್ರೂ ಹಿಡಿಕೆಯನ್ನು ಅಲ್ಲಿ ಬಿಗಿದು ಬಿಚ್ಚಿದ್ದು.

"ನೀನು ಎಡಕ್ಕೆ ಹಾಕಿದ್ಯೇನವ್ವ ಯಾವತ್ತಾದ್ರೂ?"

"ಇಲ್ಲ ಅಕ್ಕ. ನನಗೆ ಬಲಗೈಯೇ ಸಲೀಸು. ನಿಜವಾದ ಕಾರು ನಾನು ಓಡಿಸೇ ಇಲ್ಲ."

"ಶುರು ಮಾಡಾಕೆ ಗುಟ್ಟಿನ ನಂಬರು ಬೇಕಾ?"

"ಬೇಡ. ನಾನು ಪೂರ್ತಿ ಆಫ್ ಮಾಡಲ್ಲ. ನಡುವಿನ ಬಟನ್ ಒತ್ತಿದ್ರೆ ಬಿಟ್ಟ ಕಡೆಯಿಂದಲೇ ಆಟ ಶುರುವಾಗುತ್ತೆ."

ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಬಂದಳು. ಗಿಡ್ಡನೆಯ ಹೆಂಗಸು. ಅತ್ತು ಅತ್ತು ಕಣ್ಣು ಊದಿದ್ದವು. "ನಾನು ಎಂಟ್ ಗಂಟ್ಗೆ ಬಂದು ಒಂಬತ್ಕೆ ಬೀಗ ಹಾಕ್ಕಂಡ್ ಓಯ್ತೀನಿ ಕಣವ್ವ. ಹತ್ತರಿಂದ ಹನ್ನೆರಡ್ ಗಂಟೆ ಗಂಟ ಶಿವರಂಜನಿ ಮೇಡಮ್ಮೋರ ಮನೇಲಿ ರೊಟ್ಟಿ ತಟ್ತೀನಿ. ಬೇಕಾದ್ರೆ ಕೇಳಿ ಅವರ್‍ನ." ಸಂಘಮಿತ್ರಾ ಅಲ್ಲೇ ಶಿವರಂಜನಿಗೆ ಫೋನು ಮಾಡಿದಳು. ಮಾತು ನಿಜ. ಒಂದು ದಿನವೂ ತಪ್ಪಿಸಿರಲಿಲ್ಲ.

ಕೊನೆಗೆ ಬಂದವನು ಶಶಿಕಿರಣ್, ಬೀದಿಯ ಮನೆಗಳಿಗೆಲ್ಲ ಇಂಟರ್ನೆಟ್ ಕೇಬಲ್ ಎಳೆಯುವ ಯುವಕ. ಈ ಟಿವಿಯನ್ನು ಗೋಡೆಗೆ ಕೂರಿಸಿದ್ದೂ ಅವನೇ. ಎತ್ತರದ ಆಳು. ಇದೇ ಆಟವನ್ನು ತನ್ನ ಮನೆಯಲ್ಲೂ ಆಡುತ್ತಾನೆ ಎಂದು ಕೇಳಿದ ಕೂಡಲೇ ದೇವಯ್ಯನ ಅನುಮಾನವೆಲ್ಲ ಅವನ ಮೇಲೆ ಹೋಯಿತು.

"ಒಂದ್ಸಲ ಓಡ್ಸಿ ತೋರ್ಸಪ್ಪ," ಎಂದಳು ಸಂಘಮಿತ್ರಾ.

ಶಶಿಕಿರಣ್ ಉತ್ಸಾಹದಿಂದ ಕೂತ. ಕಾರು ರಸ್ತೆಯ ಅಗಲವನ್ನೆಲ್ಲ ಬಳಸುತ್ತ, ತಿರುವು ತಿರುವಿಗೂ ಅಡ್ಡ ಕತ್ತರಿಸುತ್ತ, ಟಯರು ಕಿರುಚಿಸುತ್ತ ಇಳಿಯಿತು. ಆ ಸದ್ದನ್ನು ದೇವಯ್ಯನಿಗೆ ಕೇಳಲಾಗಲಿಲ್ಲ. ನೀರು ಕೇಳಲು ಅವನು ಕೆಳಗಿಳಿದ.

ಗೋದಮ್ಮ ಅಡುಗೆಮನೆಯಲ್ಲಿದ್ದಳು. ಗಿರಿಧರ ಅದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಸೂರಿನಿಂದ ಇಂಜಿನ್ನಿನ ಸದ್ದು ಸ್ಪಷ್ಟವಾಗಿ ಇಳಿದುಬರುತ್ತಿತ್ತು. ಗೇರು ಬದಲಾದಾಗಲೆಲ್ಲ ಗಿರಿಧರನ ಎಡಗೈ ಕುರ್ಚಿಯ ತೋಳಿನ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಮೇಲೆ ಧಡ್ ಎಂದು ಡಿಕ್ಕಿ ಹೊಡೆದ ಸದ್ದು.

"ಬಿಳಿ ಗೋಡೆಗೆ ಹೊಡೆದ," ಎಂದು ಗಿರಿಧರ ತನ್ನಷ್ಟಕ್ಕೆ ಹೇಳಿಕೊಂಡ.

ದೇವಯ್ಯ ನೀರು ಕುಡಿದು ಮೇಲೆ ಹೋದ. ಏಳನೇ ತಿರುವಿನಲ್ಲಿ ಕಾರು ನುಜ್ಜುಗುಜ್ಜಾಗಿ ನಿಂತಿತ್ತು. ಸಂಘಮಿತ್ರಾ ಕೇಳುತ್ತಿದ್ದಳು, "ಎಲ್ಲೂ ಹಾರ್ನ್ ಒಡೀಲಿಲ್ವಲ್ಲಪ್ಪ ನೀನು?"

"ಹಾರ್ನಾ? ಇದರಲ್ಲಿ ಹಾರ್ನ್ ಬೇರೆ ಇದ್ಯಾ?" ಎಂದು ಶಶಿಕಿರಣ್ ಸ್ಟೀರಿಂಗನ್ನು ತಿರುಗಿಸಿ ತಿರುಗಿಸಿ ನೋಡಿದ.

ದೇವಯ್ಯ ಅವಳನ್ನು ಬಾಲ್ಕನಿಗೆ ಕರೆದು ಕೆಳಗೆ ಕಂಡದ್ದನ್ನು, ಕೇಳಿದ್ದನ್ನು ಹೇಳಿದ. ಸಂಘಮಿತ್ರಾ ಬೀದಿಯ ಕಡೆ ನೋಡಿದಳು. "ಎಲ್ಲಾರೂ ಕೆಳಗೆ ಕೂರಾನ ದೇವಯ್ಯಣ್ಣ," ಎಂದಳು.

* * *

ಗೋದಮ್ಮನ ನಡುಮನೆಯಲ್ಲಿ ಎಲ್ಲರೂ ಸೇರಿದರು. ಚಿಕ್ಕಲಕ್ಷ್ಮಮ್ಮ ಬಾಗಿಲ ಬಳಿಯೇ ನಿಂತಿದ್ದಳು. ಸಂಘಮಿತ್ರಾ ಮೊದಲು ಅವಳನ್ನು ಕರೆದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಗೋದಮ್ಮನ ಮುಖ ಬಿಗಿಯಿತು.

"ಈಯಮ್ಮನ್ನ ಮೊದಲು ಬಿಟ್ಬುಡಾನ," ಎಂದು ಸಂಘಮಿತ್ರಾ ಶುರುಮಾಡಿದಳು. "ಆಟ ನಡೆದಿರೋ ಹೊತ್ತಲ್ಲಿ ಈಕೆ ಶಿವರಂಜನಿ ಮನೆ ಒಲೆ ಮುಂದೆ ಇದ್ಲು. ಮೇಲಾಗಿ ಬಂದೋರು ಕುರ್ಚೀನ ಹಿಂದಕ್ಕೆ ತಳ್ಳವ್ರೆ, ಅಂದ್ರೆ ಕಾಲು ಉದ್ದ ಇರೋರು. ಈಕೆ ಕೂತಿದ್ರೆ ಮುಂದಕ್ಕೆ ಎಳೀಬೇಕಾಯ್ತಿತ್ತು."

"ಶಶಿಕಿರಣ್ ಎತ್ತರ ಇದಾನೆ," ಎಂದಳು ಗೋದಮ್ಮ.

"ಅವ್ನೆ. ಆದ್ರೆ ಅವನಿಗೆ ಹಾರ್ನ್ ಇರೋದೇ ಗೊತ್ತಿಲ್ಲ. ಬಿಂದುಶ್ರೀ ಪೊಲೀಸ್ ಮಾತಾಡಿದ ಭಾನುವಾರ ಅವನಿಲ್ಲಿ ಇರಲೂ ಇಲ್ಲ. ಆ ಮಾತು ಕೇಳಿ ಹೆದರ್‍ಕಂಡೋರೇ ಮಂಗಳವಾರ ದಾಖಲೆ ಅಳಿಸಿದ್ದು. ಕೇಳಿದೋರು ಈ ನಡುಮನೇಲಿ ಇದ್ದ ಮೂರೇ ಜನ."

ಗಿರಿಧರ ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದ.

"ಈಗ ಆ ಓಟ ನೋಡಿ. ಆಟ ಆಡೋರಿಗೆ ಗೆಲ್ಲಬೇಕು ಅಂತ ಇರ್‍ತದೆ. ಇವರಿಗೆ ಅದಿಲ್ಲ. ಖಾಲಿ ರಸ್ತೇಲೂ ಎಡಕ್ಕೇ ಓಗ್ತಾರೆ, ತಿರುವಿಗೆಲ್ಲ ಹಾರ್ನ್ ಒಡೀತಾರೆ. ಬೆಟ್ಟ ಹತ್ತೋ ಗೇರಲ್ಲೇ ಇಳೀಬೇಕು ಅನ್ನೋದು ಘಾಟಿ ಡ್ರೈವರುಗಳ ಮಾತು. ನಮ್ಮ ದೇವಯ್ಯಣ್ಣ ಅದನ್ನ ನೋಡಿದ ತಕ್ಷಣ ಇಡ್ಕಂಡ. ಗೇರು ಬಲಕ್ಕಿತ್ತು. ಬಂದೋರು ಬಿಚ್ಚಿ ಎಡಕ್ಕೆ ಬಿಗಿದು, ಓಡ್ಸಿ, ತಿರುಗಿ ಬಲಕ್ಕೆ ಆಕಿ ಓಗವ್ರೆ. ಮರದಲ್ಲಿ ಗುರುತು ಅದೆ. ನಮ್ಮ ಗಾಡಿಗಳಲ್ಲಿ ಗೇರ್ ಇರೋದು ಎಡಗೈಗೆ. ವರ್ಷಾನುಗಟ್ಲೆ ಎಡಗೈಲಿ ಗೇರ್ ಆಕಿದೋರು ಬಲಗೈಲಿ ಆಕಾಕೆ ಒಪ್ಪಲ್ಲ."

ಅವಳು ಗೋದಮ್ಮನ ಕಡೆ ತಿರುಗಿದಳು. "ವಾರದಲ್ಲಿ ಮೂರು ದಿನ, ನೀವು ಭಜನೆಗೆ ಓದ ಕಾಲು ಗಂಟೆಗೆ ಆಟ ಶುರು. ನೀವು ಬರೋ ಅರ್ಧ ಗಂಟೆ ಮೊದಲು ಮುಗಿದಿರ್‍ತದೆ. ದೇವರ ಮನೆ ಕೀ ಎಲ್ಲದೆ ಅಂತ ಗೊತ್ತಿರೋರು ಮನೇಲಿ ಒಬ್ಬರೇ ಇರೋ ಹೊತ್ತು ಅದು." ಆಮೇಲೆ ದನಿ ತಗ್ಗಿಸಿದಳು. "ಗಿರಿಧರ್ ಸಾರ್, ಸದ್ದು ಕೇಳಿ ಯಾವ ತಿರುವು ಅಂತ ಹೇಳಬಹುದು. ಆ ಗೋಡೆ ಬಿಳೀದು ಅಂತ ಸದ್ದು ಹೇಳಲ್ಲ. ಅದನ್ನ ಕಣ್ಣಲ್ಲೇ ನೋಡಿರಬೇಕು."

ಗಿರಿಧರ ಪೇಪರನ್ನು ಮಡಚಿ, ಮತ್ತೆ ಮಡಚಿ, ತೊಡೆಯ ಮೇಲೆ ಇಟ್ಟುಕೊಂಡ.

"ನಾನೇ," ಎಂದ.

"ಗಿರೀ, ಸುಮ್ಮನಿರು," ಎಂದು ಗೋದಮ್ಮ ಎದ್ದಳು. "ಇವನು ಹೋಟೆಲ್ ಮ್ಯಾನೇಜರ್ ಆಗಿದ್ದವನು..."

"ಸಾಕು ಅಕ್ಕ. ನಾನು ಯಾವ ಹೋಟೆಲಿನ ಮ್ಯಾನೇಜರೂ ಆಗಿರಲಿಲ್ಲ. ಟ್ಯಾಕ್ಸಿ ಓಡಿಸ್ತಿದ್ದೆ. ಇಪ್ಪತ್ತೊಂಬತ್ತು ವರ್ಷ ಶಿರಾಡಿ ಘಾಟಿ ಹತ್ತಿ ಇಳಿದಿದೀನಿ. ಮನೆತನಕ್ಕೆ ಹೊಂದಲ್ಲ ಅಂತ ನೀನು ಬೀದಿಗೆಲ್ಲ ಬೇರೆ ಹೇಳಿದೆ, ನಾನೂ ಹ್ಞೂ ಅಂದೆ."

ಗೋದಮ್ಮ ಕೂತುಬಿಟ್ಟಳು.

ಎರಡು ವರ್ಷದ ಹಿಂದೆ ಘಾಟಿ ಇಳಿಯುವಾಗ ಗಿರಿಧರನಿಗೆ ಕಣ್ಣು ಮಂಜಾಗಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ, ಮಗಳು. "ಬದಿಗೆ ನಿಲ್ಲಿಸಬೇಕಿತ್ತು. ಇನ್ನೊಂದು ತಿರುವು ದಾಟಿ ನಿಲ್ಲಿಸೋಣ ಅಂತ ಹೋದೆ. ಆ ತಿರುವಿನಲ್ಲೇ ಫಿಟ್ಸ್ ಬಂತು. ಕಾರು ತಡೆಗೋಡೆಗೆ ಹೊಡೀತು. ಯಾರೂ ಸಾಯಲಿಲ್ಲ. ಆ ಹುಡುಗಿ ಮಾತ್ರ ಈಗಲೂ ಕುಂಟ್ತಾಳಂತೆ." ಅವನು ಪೇಪರನ್ನು ಪಕ್ಕಕ್ಕಿಟ್ಟ. "ಇನ್ನು ಸ್ಟೀರಿಂಗ್ ಮುಟ್ಟಬಾರದು ಅಂದ್ರು ಡಾಕ್ಟರು. ಇಲ್ಲಿಗೆ ಬಂದೆ. ದಿನಾ ಸಂಜೆ ಮೇಲಿಂದ ಸದ್ದು ಕೇಳೋದು. ಈ ಮಗು ಗೇರ್ ಬದಲಾಯಿಸೋದು, ಬ್ರೇಕ್ ತಡವಾಗಿ ಹಿಡಿಯೋದು, ಎಲ್ಲಾ ಕೇಳಿಸೋದು. ಎಷ್ಟೋ ದಿನ ನಾನು ಯಾರ ಜೊತೆಗೂ ಮಾತಾಡ್ತಿರಲಿಲ್ಲ, ಆ ಸದ್ದೊಂದೇ. ಒಂದು ದಿನ ಕೀ ತಗೊಂಡು ಹೋದೆ. ಒಂದೇ ಸಲ ಅಂದುಕೊಂಡೆ."

"ಏಳನೇ ತಿರುವಲ್ಲಿ ನಿಲ್ಲಿಸ್ತಿದ್ದದ್ದು?" ಎಂದು ಕೇಳಿದವನು ದೇವಯ್ಯ. ಅವನಿಗೆ ಉತ್ತರ ಗೊತ್ತಿತ್ತು. ಆದರೂ ಆ ಮನುಷ್ಯ ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತ್ತು.

"ಅವತ್ತು ನಿಲ್ಲಿಸಲಿಲ್ಲವಲ್ಲ. ಅದಕ್ಕೇ."

ಬಿಂದುಶ್ರೀ ಎದ್ದು ನಿಂತಳು. "ನೀವು ಆಟ ಆಡಿದ್ರಿ ಅಂಕಲ್. ನಾನು ಮೂರು ವಾರ ನಿದ್ದೆ ಮಾಡಿಲ್ಲ. ಒಬ್ಬಳೇ ಇರೋ ಹುಡುಗಿ ಮನೆಗೆ ಯಾರೋ ಬರ್ತಾರೆ, ಹೋಗ್ತಾರೆ ಅಂದ್ರೆ ಹೇಗಿರುತ್ತೆ ಗೊತ್ತಾ? ನನ್ನ ಮೂರು ವರ್ಷದ ಓಟವನ್ನೂ ಅಳಿಸಿಬಿಟ್ರಿ."

"ನನ್ನದು ಮಾತ್ರ ಅಳಿಸೋಕೆ ಹೋದೆನಮ್ಮ. ಏನು ಒತ್ತಿದೆನೋ ಗೊತ್ತಾಗಲಿಲ್ಲ."

"ಕೇಳಿದ್ರೆ ನಾನೇ ಕರೀತಿದ್ದೆ." ಅವಳು ಮತ್ತೆ ಕೂತಳು. "ನಾನೂ ಒಬ್ಬಳೇ ಆಡ್ತಿದ್ದೆ."

ಆಗ ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ನಿಮ್ಮ ನೋವು ನಿಮಗೆ ಸರಿ ಸಾ. ಭಾನುವಾರ ನೀವು ಇಲ್ಲೇ ಕೂತಿದ್ರಿ. ಮಂಗಳವಾರ ನನ್ನ ಬೈದು ಆಚೆಗೆ ಕಳಿಸ್ದಾಗ್ಲೂ ಇಲ್ಲೇ ಕೂತಿದ್ರಿ. ಒಂದ್ ಮಾತು ಆಡ್ಲಿಲ್ವಲ್ಲ ನೀವು?"

ಬೇರೆ ಯಾರ ಮಾತಿಗೂ ತಗ್ಗದ ಗಿರಿಧರನ ತಲೆ ಆ ಮಾತಿಗೆ ಪೂರ್ತಿ ತಗ್ಗಿತು. ಸ್ವಲ್ಪ ಹೊತ್ತಿಗೆ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಬನ್ನಿ. ಆ ಮೂರು ಮನೆಗೂ ಹೋಗೋಣ. ನಾನೇ ಹೇಳ್ತೀನಿ."

"ಗಿರೀ, ಬೀದಿಯವರ ಮುಂದೆ..." ಎಂದಳು ಗೋದಮ್ಮ.

"ಬೀದಿಯವರ ಮುಂದೆಯೇ ಅಲ್ಲವೇ ಅಕ್ಕ, ಇವರ ಮಾನ ಹೋದದ್ದು."

ದೇವಯ್ಯ ಗೇಟಿನ ಬಳಿ ನಿಂತು ನೋಡಿದ. ಎತ್ತರದ ಆ ಮನುಷ್ಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮುಂದೆ, ಚಿಕ್ಕಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ. ಮೊದಲ ಬಾಗಿಲಿನಲ್ಲಿ ಅವನು ಏನೋ ಹೇಳಿದ. ಎರಡನೆಯದಕ್ಕೆ ಹೋಗುವಾಗ ಇಬ್ಬರೂ ಒಂದೇ ಸಾಲಿನಲ್ಲಿ ನಡೆಯುತ್ತಿದ್ದರು. ಮೂರನೆಯ ಮನೆಯವರು ಒಳಗೆ ಕರೆದರು.

ಹಿಂತಿರುಗಿ ನೋಡಿದರೆ ಗೋದಮ್ಮ ದೇವರ ಮನೆಯ ಮೊಳೆಯಲ್ಲಿದ್ದ ಕೀಯನ್ನೂ ಚಿಕ್ಕಲಕ್ಷ್ಮಮ್ಮನಿಂದ ಕಿತ್ತುಕೊಂಡಿದ್ದ ಕೀಯನ್ನೂ ಬಿಂದುಶ್ರೀಯ ಕೈಗೆ ಕೊಡುತ್ತಿದ್ದಳು. ಬಿಂದುಶ್ರೀ ತೆಗೆದುಕೊಂಡಳು. ತಿಂಗಳ ಕೊನೆಗೆ ಹಾಸನದಲ್ಲೇ ಮನೆ ನೋಡುತ್ತೇನೆ ಎಂದಳು. ಗೋದಮ್ಮ ಬೇಡವೆನ್ನಲಿಲ್ಲ.

* * *

ಮೂರು ಗಂಟೆಯ ಹಾಸನದ ಬಸ್ಸಿನಲ್ಲಿ ಜನ ಕಡಿಮೆ. ಸಂಘಮಿತ್ರಾ ಕಿಟಕಿಯ ಪಕ್ಕ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು. ಊರು ದಾಟಿ ತೆಂಗಿನ ತೋಟಗಳು ಶುರುವಾದವು.

"ಪೊಲೀಸ್ಗೆ ಏಳಬೇಕಿತ್ತಾ?" ಎಂದು ದೇವಯ್ಯ ಕೇಳಿದ.

"ಅದು ಆ ಉಡುಗಿಗೆ ಬಿಟ್ಟಿದ್ದು. ಬ್ಯಾಡ ಅಂದ್ಲು."

ಮುಂದಿನ ಸೀಟಿನ ಕಂಬಿಯನ್ನು ಹಿಡಿದ ದೇವಯ್ಯನ ಕೈ ಬಿಗಿಯಿತು. "ನಿಮ್ಗೊಂದು ವಿಷ್ಯ ಏಳಿಲ್ಲ ನಾನು. ದಿನಾ ಬೆಳಗ್ಗೆ ಐದೂ ಮುಕ್ಕಾಲ್ಗೆ ಸ್ಟ್ಯಾಂಡ್ಗೆ ಓಯ್ತೀನಿ. ನಮ್ ಗಾಡಿ ಒರಡೋದು ನೋಡಾಕೆ. ಈಗಿರೋ ಡ್ರೈವರ್ ಕಣ್ಗೆ ಬೀಳಬಾರ್‍ದು ಅಂತ ಕಂಬದ ಹಿಂದೆ ನಿಂತ್ಕತೀನಿ. ಅದು ಗೇಟ್ ದಾಟಿದ್ಮ್ಯಾಕೆ ರೂಮಿಗೆ ಓಗ್ತೀನಿ. ಹದಿನಾಲ್ಕು ತಿಂಗ್ಳಿಂದ."

ಸಂಘಮಿತ್ರಾ ಅವನ ಕಡೆ ತಿರುಗಲಿಲ್ಲ.

"ಗೊತ್ತು ದೇವಯ್ಯಣ್ಣ. ಆ ಡ್ರೈವರ್ ಮೊದಲ್ನೇ ವಾರದಲ್ಲೇ ಬಂದು ನಂಗೆ ಏಳ್ದ. 'ಕಂಬದ ಹಿಂದೆ ಯಜಮಾನ್ರು ಬಂದವ್ರಾ ಅಂತ ನೋಡ್ಕಂಡೇ ನಾನು ಗಾಡಿ ತೆಗೆಯೋದು ಕಣಕ್ಕ' ಅಂದ. ಆಮೇಲೊಂದಿನ ನಿಂಗೆ ಜ್ವರ ಬಂದು ಸ್ಟ್ಯಾಂಡ್ಗೆ ಓಗಲಿಲ್ವಲ್ಲ ನೀನು? ಅವತ್ತು ನಾಕು ನಿಮಿಷ ಕಾದು ಒರಟ್ನಂತೆ."

ದೇವಯ್ಯ ಕಿಟಕಿಯಾಚೆ ನೋಡುತ್ತ ಕೂತ. ಬಸ್ಸು ತಿರುವಿಗೆ ಬಂದು ಹಾರ್ನ್ ಹೊಡೆಯಿತು. ಅವನು ಕಣ್ಣು ಒರೆಸಿಕೊಳ್ಳಲು ಟವೆಲು ಹುಡುಕಿದ.